ಹಿತ್ತಲಲ್ಲಿ ಔಟ್‌ಹೌಸ್ ಕಟ್ಟುವವರಿಗೆ: ಮೊದಲು ಕಾಗದ, ಆಮೇಲೆ ಕಲ್ಲು

ನಮ್ಮ ಹಳೆ ಹೆಂಚಿನ ಮನೆಯ ಹಿಂದೆ ಒಂದು ಹಟ್ಟಿ ಇತ್ತು. ದನ ಸಾಕುವುದು ನಿಂತು ವರ್ಷಗಳಾಗಿದ್ದವು. ಮಡಲು, ಸೌದೆ, ಕಾಲು ಮುರಿದ ಮಂಚ ತುಂಬಿಡಲು ಮಾತ್ರ ಅದು ಆಗುತ್ತಿತ್ತು. ಅಮ್ಮನಿಗೆ ಗಂಟುನೋವು, ಹಳೆ ಮನೆಯ ಎತ್ತರದ ಹೊಸ್ತಿಲು ದಾಟುವುದೇ ಕಷ್ಟ. ಹಟ್ಟಿ ಕೆಡವಿ ಅದೇ ಪಾಯದ ಮೇಲೆ ಒಂದು ಕೋಣೆ, ಸಣ್ಣ ಅಡುಗೆಮನೆ, ಬಚ್ಚಲು ಎಬ್ಬಿಸಿದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಮೇಸ್ತ್ರಿಯವರೂ "ಮಳೆಗಾಲದ ಮೊದಲು ಮುಗಿಸುವ" ಎಂದರು. ಮುಗಿದದ್ದು ಮುಂದಿನ ವರ್ಷದ ದೀಪಾವಳಿಗೆ. ಅದರಲ್ಲಿ ಕಲ್ಲು ಕಟ್ಟಿದ್ದು ನಾಲ್ಕು ತಿಂಗಳು, ಉಳಿದದ್ದೆಲ್ಲ ಕಾಗದ ಕಟ್ಟಿದ್ದು.

ನಮ್ಮದು ಉಡುಪಿ ಹೊರವಲಯದ ಗ್ರಾಮ ಪಂಚಾಯತ್. ಅದೇ ಹೊತ್ತಿಗೆ ಅಕ್ಕ ಮಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿ ಬಾಡಿಗೆಗೆಂದು ಒಂದು ಔಟ್‌ಹೌಸ್ ಕಟ್ಟಿಸುತ್ತಿದ್ದಳು. ಎರಡೂ ಫೈಲುಗಳ ಹಿಂದೆ ಓಡಾಡಿದ್ದರಿಂದ ಯಾವ ಕೆಲಸ ಯಾವುದರ ನಂತರ ಎಂಬುದು ಈಗ ಬಾಯಿಪಾಠ.

ಕೋಣೆಯೋ, ಮನೆಯೋ?

ಮೊದಲು ಇದನ್ನು ತೀರ್ಮಾನಿಸಿ. ನಮ್ಮಲ್ಲಿ ಹಿತ್ತಲ ಮನೆಗೆಂದು ಬೇರೆ ನಿಯಮ ಇಲ್ಲ, ರಿಯಾಯಿತಿಯೂ ಇಲ್ಲ. ಮಲಗಲು, ಬೇಯಿಸಲು, ಸ್ನಾನ-ಶೌಚಕ್ಕೆ ಸ್ವಂತ ವ್ಯವಸ್ಥೆ ಇದ್ದರೆ ಅದು ಅದೇ ಜಾಗದ ಎರಡನೇ ವಾಸದ ಮನೆ. ಒಲೆ ಬೇರೆಯಾದರೆ ಮನೆ ಬೇರೆ. ಕುಟುಂಬ ಪಾಲಾಗುವಾಗ ನಮ್ಮ ಹಿರಿಯರು ಹಾಕುತ್ತಿದ್ದ ಲೆಕ್ಕವೂ ಇದೇ ಆಗಿತ್ತು.

"ಶೀಟು ಹಾಕಿದ ಶೆಡ್ಡಿಗೆ ಲೈಸೆನ್ಸ್ ಯಾಕೆ?" ಎಂದು ಕೇಳುವವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ‘ಕಟ್ಟಡ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿಯೇ ಔಟ್‌ಹೌಸ್, ಶೆಡ್ಡು, ಗುಡಿಸಲು, ಶೌಚಾಲಯ ಎಲ್ಲವೂ ಸೇರಿವೆ. ಕಲ್ಲಿನದೋ ಮರದ್ದೋ ತಗಡಿನದೋ ಎಂಬುದರಿಂದ ವ್ಯತ್ಯಾಸವಾಗದು.

ನನ್ನ ಅಭಿಪ್ರಾಯ ಹೇಳುವುದಾದರೆ, ಅಪ್ಪ-ಅಮ್ಮನಿಗೆ ಮಾತ್ರ, ಬಾಡಿಗೆಯ ಯೋಚನೆ ಇಲ್ಲ ಅನ್ನುವವರು ಹೊಸ ಕಟ್ಟಡವನ್ನು ಹಳೆ ಮನೆಗೆ ಒಂದು ಓಣಿಯಿಂದ ಜೋಡಿಸಿ ವಿಸ್ತರಣೆ ಎಂದೇ ಅರ್ಜಿ ಹಾಕುವುದು ಸುಲಭ. ಒಂದೇ ಜಾಗದಲ್ಲಿ ಎರಡು ಬಿಡಿ ಕಟ್ಟಡ ಬಂದರೆ ಅವುಗಳ ನಡುವೆಯೂ ಜಾಗ ಬಿಡಬೇಕು, ಹಿತ್ತಲು ಅಲ್ಲಿಯೇ ಅರ್ಧ ಖಾಲಿಯಾಗುತ್ತದೆ. ಬಾಡಿಗೆಗಾದರೆ ಬೇರೆಯೇ ಇರಲಿ. ಬೇರೆ ಡೋರ್ ನಂಬರ್, ಬೇರೆ ಮೀಟರ್ ಇಲ್ಲದ ಮನೆಗೆ ಬಾಡಿಗೆದಾರ ಬಂದ ಮೇಲೆ ಪ್ರತಿ ತಿಂಗಳ ಕರೆಂಟ್ ಬಿಲ್ಲು ಒಂದು ಪಂಚಾಯಿತಿಕೆ.

ನಿಮ್ಮ ಕಚೇರಿ ಯಾವುದು?

ಸಣ್ಣ ಪ್ರಶ್ನೆ, ಆದರೆ ಮಂಗಳೂರು ಸುತ್ತ ಬಹಳ ಜನ ಎಡವುವುದು ಇಲ್ಲಿ. 60 ವಾರ್ಡುಗಳ ಮಹಾನಗರ ಪಾಲಿಕೆ ದಾಟಿದ ಕೂಡಲೇ ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರು ಮತ್ತು ಬಜಪೆ ಪಟ್ಟಣ ಪಂಚಾಯತ್, ಅದರಾಚೆ ಗ್ರಾಮ ಪಂಚಾಯತ್‌ಗಳು. ಉಡುಪಿಯಲ್ಲಿ 35 ವಾರ್ಡುಗಳ ನಗರಸಭೆ, ಮಣಿಪಾಲವೂ ಅದರೊಳಗೇ. ಪಾಲಿಕೆಗೆ 1976ರ ಕಾಯ್ದೆ, ನಗರಸಭೆ-ಪುರಸಭೆ-ಪಟ್ಟಣ ಪಂಚಾಯತಿಗೆ 1964ರ ಪುರಸಭೆಗಳ ಕಾಯ್ದೆ, ಗ್ರಾಮಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಪರವಾನಿಗೆ ಕೊಡುವುದು ಈ ಸ್ಥಳೀಯ ಸಂಸ್ಥೆ.

ಇದರ ಮೇಲೆ ಇನ್ನೊಂದು ಪದರ ಇದೆ, ನಗರಾಭಿವೃದ್ಧಿ ಪ್ರಾಧಿಕಾರ. ಮಂಗಳೂರಿಗೆ ಮುಡಾ, ಉಡುಪಿಗೆ ಉಡುಪಿಯದ್ದೇ ಪ್ರಾಧಿಕಾರ. ಸುತ್ತಲಿನ ಹಲವು ಗ್ರಾಮಗಳೂ ಇವುಗಳ ಯೋಜನಾ ಪ್ರದೇಶದೊಳಗೆ ಬರುತ್ತವೆ. ಹಾಗಾಗಿ "ನಮ್ಮದು ಹಳ್ಳಿ, ಪಂಚಾಯತ್ ಸಾಕು" ಎಂದು ಕೂರಬೇಡಿ. ನಿಮ್ಮ ಸರ್ವೆ ನಂಬರ್ ಯೋಜನಾ ಪ್ರದೇಶದೊಳಗಿದೆಯೇ, ಇದ್ದರೆ ವಸತಿ ವಲಯವೋ ಕೃಷಿ ವಲಯವೋ ಎಂದು ಪ್ರಾಧಿಕಾರದಲ್ಲಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಆರ್‌ಟಿಸಿ ಓದಿ, ಅಳತೆ ಮಾಡಿಸಿ

ಈ ಹಂತಕ್ಕೆ ನೀವು ಹಾಕುವ ಸಮಯ ಮುಂದೆ ದುಪ್ಪಟ್ಟಾಗಿ ಉಳಿಯುತ್ತದೆ. ಇಂಜಿನಿಯರ್ ಹತ್ತಿರ ಹೋಗುವ ಮೊದಲು ಸರ್ವೆಯರ್ ಬರಲಿ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ, ಶುಲ್ಕ ಕಟ್ಟಿ, ನೆರೆಯವರಿಗೆ ನೋಟಿಸ್ ಹೋಗಿ, ದಿನ ನಿಗದಿಯಾಗುತ್ತದೆ.

ನಮ್ಮಲ್ಲಿಗೆ ಅವರು ಬಂದದ್ದು ಹನ್ನೆರಡು ಗಂಟೆಯ ಬಿಸಿಲಿಗೆ. ಮೊದಲ ಗಡಿಕಲ್ಲು ಸಿಕ್ಕಿದ್ದು ಅಮ್ಮನ ಮಲ್ಲಿಗೆ ಗಿಡದ ಬುಡದಲ್ಲಿ, ಎರಡನೆಯದು ಬಾವಿಕಟ್ಟೆಯ ಪಕ್ಕ, ಪಾಚಿ ಮುಚ್ಚಿಕೊಂಡು. ಅಲ್ಲಿಂದ ಟೇಪು ಹಿಡಿದ ಹುಡುಗ ಹಟ್ಟಿಯೊಳಗೆ ನುಗ್ಗಿ ಗೋದಲಿಯ ಹತ್ತಿರ ನಿಂತ. ಸುಣ್ಣದ ಗೆರೆ ಎಳೆದರು. ಗೆರೆ ಗೋದಲಿಯನ್ನು ಸರಿಯಾಗಿ ಎರಡು ಪಾಲು ಮಾಡಿಕೊಂಡು ಹೋಯಿತು.

"ಇಷ್ಟು ನಿಮ್ಮ ವರ್ಗ ಜಾಗ. ಅದರಾಚೆ ಕುಮ್ಕಿ ಮಾರಾಯ್ರೆ" ಎಂದರು ಸರ್ವೆಯರ್.

ಅಮ್ಮ ಜಗಲಿಯಿಂದಲೇ, "ನಾನು ಮದುವೆಯಾಗಿ ಬರುವಾಗಲೇ ಇತ್ತಲ್ಲ ಆ ಹಟ್ಟಿ!" ಎಂದರು.

"ಹಟ್ಟಿ ಇತ್ತಮ್ಮ. ಹಕ್ಕು ಇರ್ಲಿಲ್ಲ."

ಹೊಸಬರಿಗೆ ಒಂದು ಮಾತು. ಕರಾವಳಿಯಲ್ಲಿ ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಸೌದೆ, ಮೇವಿಗೆ ವರ್ಗದಾರನಿಗೆ ಸವಲತ್ತು ಇದೆ. ಅದೇ ಕುಮ್ಕಿ. 1964ರ ಭೂಕಂದಾಯ ಕಾಯ್ದೆ ಆ ಸವಲತ್ತನ್ನು ಉಳಿಸಿಕೊಂಡಿದೆ, ಮಾಲಕತ್ವ ಕೊಟ್ಟಿಲ್ಲ. ಅಲ್ಲಿ ಮನೆಗೆ ಪರವಾನಿಗೆ ಸಿಗುವುದಿಲ್ಲ. ತಲೆಮಾರಿನಿಂದ ಬೇಲಿ ಹಾಕಿ ತೆಂಗು ನೆಟ್ಟ ಹಿತ್ತಲಿನಲ್ಲಿ ಎಷ್ಟು ನಮ್ಮದು, ಎಷ್ಟು ಕುಮ್ಕಿ ಎಂಬುದು ಅಳೆಯುವ ತನಕ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮನೆ ಹನ್ನೊಂದು ಅಡಿ ಮುಂದಕ್ಕೆ ಬಂತು. ಎರಡು ತೆಂಗಿನ ಮರ ಹೋಯಿತು.

ಇನ್ನು ಆರ್‌ಟಿಸಿ, ಅಂದರೆ ಪಹಣಿ. ಅದರಲ್ಲಿ ಹುಡುಕಬೇಕಾದ್ದು ನಾಲ್ಕು ಸಂಗತಿ: ಜಾಗ ಯಾರ ಹೆಸರಿನಲ್ಲಿದೆ, ಜಂಟಿಯೇ, ಭೂ ಪರಿವರ್ತನೆ ಆಗಿದೆಯೇ, ಸಾಲ ಅಥವಾ ತಕರಾರು ನಮೂದಾಗಿದೆಯೇ. ಸರ್ವೆ ನಂಬರಿನ ಪ್ಲಾಟಿಂಗ್ (ಪೋಡಿ) ಆಗದೆ ಐದಾರು ಜನರ ಹೆಸರು ಒಟ್ಟಿಗೆ ಬರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ತೀರಿಕೊಂಡ ಅಜ್ಜನ ಹೆಸರು ಇನ್ನೂ ಇದ್ದರೆ ಪೌತಿ ಖಾತೆ ಬದಲಾವಣೆ. ಕುಟುಂಬದ ಜಾಗವಾದರೆ ವಿಭಾಗ ಪತ್ರ, ಇಲ್ಲವೇ ಉಳಿದ ಪಾಲುದಾರರ ಒಪ್ಪಿಗೆ ಪತ್ರ. ಮುಂಬೈಯಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲಿ "ಆಯ್ತು ಕಟ್ಟು ಮಾರಾಯ" ಎಂದದ್ದು ಫೈಲಿಗೆ ಸೇರುವುದಿಲ್ಲ.

ಕನ್ವರ್ಷನ್, ಏಕ ನಿವೇಶನ, 9 ಮತ್ತು 11

ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಬೇಕು. ಅರ್ಜಿ ಆನ್‌ಲೈನ್, ಅಫಿಡವಿಟ್ ಆಧಾರದ ಮೇಲೆ. ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಕನ್ವರ್ಷನ್ ಮಾಡಿಸುವುದಾದರೆ ಅದಕ್ಕೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ಸ್ಕೆಚ್ ಆಗಬೇಕು. ಇಲ್ಲಿ ನಮ್ಮವರು ಮಾಡುವ ತಪ್ಪು ಒಂದಿದೆ. ಮೂವತ್ತು ವರ್ಷದ ಹಿಂದೆ ದೊಡ್ಡ ಮನೆಗೆಂದು 5 ಸೆಂಟ್ಸ್ ಮಾತ್ರ ಕನ್ವರ್ಷನ್ ಮಾಡಿಸಿರುತ್ತಾರೆ, ಔಟ್‌ಹೌಸ್ ಬರುವ ಹಿತ್ತಲು ಇನ್ನೂ ತೋಟವೆಂದೇ ಇರುತ್ತದೆ. "ಮನೆ ಜಾಗ ಕನ್ವರ್ಟೆಡ್" ಎಂಬ ನೆನಪನ್ನು ನಂಬದೆ ಆದೇಶದ ಪ್ರತಿ ತೆಗೆದು ವಿಸ್ತೀರ್ಣ ನೋಡಿ.

ಕೃಷಿಕರಿಗೆ ಅದೇ 95ನೇ ಕಲಮು ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ. ಹಿಡುವಳಿಯ ಶೇ. 10 ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಲು ಪರಿವರ್ತನೆ ಬೇಡ. ಆದರೆ ಅದು ಕೃಷಿಕನ ಸ್ವಂತ ಉಪಯೋಗಕ್ಕೆ, ವಾಣಿಜ್ಯ ಉದ್ದೇಶಕ್ಕೆ ಬಾಡಿಗೆ ಕೊಡುವಂತಿಲ್ಲ. ಅಡಿಕೆ ತೋಟದಲ್ಲಿ ಹೋಂಸ್ಟೇ ಕನಸು ಕಾಣುವವರು ಈ ಬಾಗಿಲಿನಿಂದ ಒಳಗೆ ಬರಬೇಡಿ.

ಕನ್ವರ್ಷನ್ ಆದ ಮೇಲೆ ಯೋಜನಾ ಪ್ರದೇಶದಲ್ಲಿ ಪ್ರಾಧಿಕಾರದಿಂದ ಏಕ ನಿವೇಶನ (ಸಿಂಗಲ್ ಸೈಟ್) ವಿನ್ಯಾಸದ ಅನುಮೋದನೆ. ಅಲ್ಲಿ ಮನೆಗಿಂತ ಹೆಚ್ಚಾಗಿ ಚರ್ಚೆಯಾಗುವುದು ದಾರಿಯದ್ದು. ನಿಮ್ಮ ಜಾಗಕ್ಕೆ ಬರುವ ರಸ್ತೆ ದಾಖಲೆಯಲ್ಲಿದೆಯೇ, ಎಷ್ಟು ಅಗಲ ಎಂದು ಕೇಳುತ್ತಾರೆ. ನೆರೆಯವರ ತೋಟದ ನಡುವಿನ ಕಾಲುದಾರಿಯನ್ನು ನಂಬಿದ ಮನೆಗಳು ನಮ್ಮ ಊರಿನಲ್ಲಿ ಎಷ್ಟೋ. ದಾರಿಯ ಹಕ್ಕು ಕ್ರಯಪತ್ರದಲ್ಲಿ ಬರೆದಿಲ್ಲವಾದರೆ ನೆರೆಯವರೊಡನೆ ನೋಂದಾಯಿತ ಕರಾರು ಮಾಡಿಕೊಳ್ಳಿ, ಸಂಬಂಧ ಚೆನ್ನಾಗಿರುವಾಗಲೇ. ರಸ್ತೆ ಅಗಲಕ್ಕೆಂದು ನಿಮ್ಮ ಜಾಗದಿಂದ ಒಂದಿಷ್ಟು ಬಿಟ್ಟುಕೊಡಬೇಕಾಗಿಯೂ ಬರಬಹುದು. ಹಾಗೆ ಬಿಟ್ಟ ಮೇಲೆ ಉಳಿಯುವ ಜಾಗದಲ್ಲಿ ಮನೆ ಹಿಡಿಯುತ್ತದೆಯೇ ಎಂದು ಮೊದಲೇ ಗೀಚಿ ನೋಡಿ.

ಅದಾದ ಮೇಲೆ ಗ್ರಾಮದಲ್ಲಿ ಪಂಚಾಯತಿನ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪೇಟೆಯಲ್ಲಿ ಇ-ಖಾತೆ. ನಮೂನೆ 11ಬಿ ಅಥವಾ ಬಿ ಖಾತೆ ಇದ್ದವರಿಗೆ ಬೇಸರದ ಸುದ್ದಿ. ಅದು ತೆರಿಗೆ ವಸೂಲಿಗೆ ಮಾಡಿಕೊಂಡ ಲೆಕ್ಕ, ಕಟ್ಟಲು ಕೊಟ್ಟ ಹಕ್ಕಲ್ಲ.

ಹತ್ತು ಸೆಂಟ್ಸಿನಲ್ಲಿ ಬಾವಿ, ಗುಂಡಿ, ಮನೆ

ಕಾಗದದಲ್ಲಿ ಜಾಗ ಸರಿಯಾದ ಮೇಲೆ ನೆಲದಲ್ಲಿ ಜಾಗ ಇದೆಯೇ ಎಂದು ನೋಡಿ. ಕಚೇರಿ ನೋಡುವ ಲೆಕ್ಕ ಮೂರು: ಕಟ್ಟಡ ನೆಲದ ಎಷ್ಟು ಪಾಲು ಮುಚ್ಚುತ್ತದೆ, ಎಲ್ಲ ಮಹಡಿ ಸೇರಿ ಒಟ್ಟು ಎಷ್ಟು ಚದರಡಿ, ನಾಲ್ಕು ಬದಿಯಲ್ಲಿ ಎಷ್ಟು ಬಿಟ್ಟಿದ್ದೀರಿ. ಮಿತಿಗಳು ಜಾಗದ ಅಳತೆ, ರಸ್ತೆಯ ಅಗಲ, ವಲಯದ ಮೇಲೆ ಬದಲಾಗುತ್ತವೆ. ನೆನಪಿಡಬೇಕಾದದ್ದು, ಈ ಲೆಕ್ಕ ಹೊಸ ಮನೆಗೆ ಮಾತ್ರ ಅಲ್ಲ, ಹಳೆಯದೂ ಸೇರಿ. 6 ಸೆಂಟ್ಸ್ ಎಂದರೆ ಸುಮಾರು 2,613 ಚದರಡಿ. 1,100 ಚದರಡಿಯ ಹಳೆ ಮನೆ ಆಗಲೇ ಶೇ. 42 ಮುಚ್ಚಿದೆ. ಹಿಂದೆ 450 ಚದರಡಿ ಸೇರಿಸಿದರೆ ಶೇ. 59. ಹಳೆ ಮನೆಯ ಕಾರ್ ಶೆಡ್ಡು, ಹಿಂದಿನ ಚಾಚು ಲೆಕ್ಕಕ್ಕೆ ಬಂದರೆ ಇನ್ನೂ ಮೇಲೆ.

ಆದರೆ ನಿಜವಾಗಿ ಮನೆಯ ಜಾಗ ನಿರ್ಧರಿಸುವುದು ಬಾವಿ. ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ ನಡುವೆ 18 ಮೀಟರ್, ಅಂದರೆ ಸುಮಾರು 60 ಅಡಿ ಇರಬೇಕು ಎನ್ನುತ್ತದೆ ಭಾರತೀಯ ಮಾನದಂಡ. ಈಗ ಹತ್ತು ಸೆಂಟ್ಸ್ ತೆಗೆದುಕೊಳ್ಳಿ: 4,356 ಚದರಡಿ, ಚೌಕವಾಗಿದ್ದರೆ ಒಂದೊಂದು ಬದಿ ಸರಿಯಾಗಿ 66 ಅಡಿ. ಹಳೆಯ ಸರ್ವೆ ಸರಪಳಿಯ ಉದ್ದವೂ ಅದೇ, ನಮ್ಮ ಸೆಂಟ್ಸ್ ಲೆಕ್ಕ ಹುಟ್ಟಿದ್ದೇ ಆ ಸರಪಳಿಯಿಂದ. ಒಂದು ಮೂಲೆಯಲ್ಲಿ ನಿಮ್ಮ ಬಾವಿ ಇದ್ದರೆ ಗುಂಡಿಗೆ ಉಳಿಯುವುದು ಎದುರು ಮೂಲೆಯ ಸುತ್ತಲಿನ ಜಾಗ ಮಾತ್ರ. ಕಾಂಪೌಂಡಿನಾಚೆ ನೆರೆಯವರ ಬಾವಿ ಇದ್ದರೆ ಆ ಜಾಗವೂ ಹೋಯಿತು. ಮುರಕಲ್ಲಿನ ನೆಲ ಜರಡಿಯ ಹಾಗೆ, ಗುಂಡಿಯ ನೀರು ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ಅಕ್ಕನಿಗೆ ರಸ್ತೆಯಲ್ಲಿ ಯುಜಿಡಿ (ಒಳಚರಂಡಿ) ಇತ್ತು, ಸಂಪರ್ಕ ತೆಗೆದುಕೊಂಡಳು. ನಾನು ಹೊಸ ಗುಂಡಿ ತೋಡದೆ ಹಳೆ ಮನೆಯ ಸೆಪ್ಟಿಕ್ ಟ್ಯಾಂಕನ್ನೇ ದೊಡ್ಡದು ಮಾಡಿಸಿ ಎರಡೂ ಮನೆಯನ್ನು ಅದಕ್ಕೆ ಜೋಡಿಸಿದೆ. ಇಂಜಿನಿಯರ್ ಹತ್ತಿರ ಮೊದಲು ಕೇಳಬೇಕಾದ್ದು ಹಾಲ್ ಎಷ್ಟು ದೊಡ್ಡದು ಎಂದಲ್ಲ, ಗುಂಡಿ ಎಲ್ಲಿ ಎಂದು.

ಸೂರಿನ ನೀರು ಇನ್ನೊಂದು. ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಊರಿದು. ನಿಮ್ಮ ಮಾಡಿನ ನೀರು ನಿಮ್ಮ ಅಂಗಳದಲ್ಲಿಯೇ ಬಿದ್ದು ಚರಂಡಿ ಸೇರಬೇಕು. ತಾರಸಿ ಹಾಕಿದವರೆಲ್ಲ ಮೂರನೇ ಮಳೆಗಾಲಕ್ಕೆ ಸೋರಿಕೆ ತಾಳದೆ ಮೇಲೆ ಇಳಿಜಾರು ಶೀಟು ಹೊದಿಸುವುದು ನಮ್ಮಲ್ಲಿ ವಾಡಿಕೆ. ಹೇಗೂ ಹೊದಿಸುತ್ತೀರಿ ಅಂತಾದರೆ ನಕ್ಷೆಯಲ್ಲಿ ಈಗಲೇ ತೋರಿಸಿ.

ಹೊಳೆ, ತೋಡು, ಹೆದ್ದಾರಿ, ವಿಮಾನ

ನಿಮ್ಮ ಜಾಗ ಇವುಗಳ ಹತ್ತಿರ ಇಲ್ಲವಾದರೆ ಈ ಭಾಗ ಹಾರಿಸಿ ಮುಂದೆ ಹೋಗಿ.

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಸಮುದ್ರದ ಬದಿಗೆ ಮಾತ್ರ ಎಂಬುದು ತಪ್ಪು. ಉಬ್ಬರದ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ಹೊಳೆಯ ದಡಕ್ಕೂ ಅದು ಅನ್ವಯ. ಹಾಗಾಗಿ ಜೆಪ್ಪು, ಕುದ್ರೋಳಿ, ಕೂಳೂರಿನ ಹೊಳೆಬದಿಯವರೂ ಉದ್ಯಾವರ, ಕೆಮ್ಮಣ್ಣು, ಹೂಡೆಯವರೂ ಕರಾವಳಿ ವಲಯದ ನಕ್ಷೆಯಲ್ಲಿ ತಮ್ಮ ಸರ್ವೆ ನಂಬರ್ ಹುಡುಕಬೇಕು. 2019ರ ಅಧಿಸೂಚನೆಯಲ್ಲಿ ಇಂಥ ಹೊಳೆಬದಿಯ ಪಟ್ಟಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಪೇಟೆಯ ಒಳಗಾದರೆ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡಕ್ಕಿಂತ ನೀರಿನ ಕಡೆಗೆ ಹೊಸದಾಗಿ ಕಟ್ಟುವಂತಿಲ್ಲ. ಹಿತ್ತಲು ಹೊಳೆಯ ಕಡೆಗೆ ಮುಖ ಮಾಡಿದ್ದರೆ ಹಿತ್ತಲ ಮನೆಯ ಆಸೆ ಅಲ್ಲಿಗೇ ನಿಂತೀತು.

ತೋಡು ಸಣ್ಣದಾದರೂ ಕಂದಾಯ ನಕ್ಷೆಯಲ್ಲಿದ್ದರೆ ಅದರ ಬದಿ ಬಿಡಲೇಬೇಕು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 66, 75, 169ಎ ಬದಿಯವರು ಹೆದ್ದಾರಿಯ ಕಟ್ಟಡ ರೇಖೆ ಕೇಳಿಕೊಳ್ಳಿ. ಬಜಪೆ, ಕೆಂಜಾರು ಸುತ್ತ ವಿಮಾನ ನಿಲ್ದಾಣದ ಎತ್ತರದ ಮಿತಿ ಇದೆ. ಮರಗಳಲ್ಲಿ ತೆಂಗು ಕಡಿಯಲು ಅನುಮತಿ ಬೇಡ, ತೇಗ ಮತ್ತು ಬೀಟೆಗೆ ಅರಣ್ಯ ಇಲಾಖೆಯದ್ದು ಬೇಕು.

ಲೈಸೆನ್ಸ್ ಫೈಲು

ನಕ್ಷೆಗೆ ಸಹಿ ಹಾಕುವ ಇಂಜಿನಿಯರ್ ಆ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರಾಗಿರಲಿ. ಫೈಲಿನಲ್ಲಿ ಇರಬೇಕಾದ್ದು ಕ್ರಯಪತ್ರ ಅಥವಾ ವಿಭಾಗ ಪತ್ರ, ಆರ್‌ಟಿಸಿ, ಋಣಭಾರ ಪತ್ರ, ಕನ್ವರ್ಷನ್ ಆದೇಶ, ಏಕ ನಿವೇಶನದ ಅನುಮೋದಿತ ನಕ್ಷೆ, 9 ಮತ್ತು 11 ಅಥವಾ ಇ-ಖಾತೆ, ಈ ವರ್ಷದ ತೆರಿಗೆ ರಶೀದಿ, ಹೊಸ ಮನೆಯ ನಕ್ಷೆ.

ನನ್ನ ಫೈಲು ಒಮ್ಮೆ ವಾಪಸು ಬಂತು. ನಾನು ಹಿಡಿದ ಇಂಜಿನಿಯರ್ ಔಟ್‌ಹೌಸನ್ನು ಚೆಂದ ಮಾಡಿ ಬರೆದಿದ್ದರು, ಹಳೆ ಮನೆಯನ್ನು ಮಾತ್ರ ಬರೆದಿರಲಿಲ್ಲ. ನಕ್ಷೆ ನೋಡಿದರೆ ಖಾಲಿ ಮೈದಾನದಲ್ಲಿ ಒಂದು ಕೋಣೆ ನಿಂತ ಹಾಗೆ. ಸ್ಥಳ ಪರಿಶೀಲನೆಗೆ ಬಂದವರು ಅಂಗಳದಲ್ಲಿ ನಿಂತು, ಕೈಯಲ್ಲಿದ್ದ ಹಾಳೆಯನ್ನೊಮ್ಮೆ, ಎದುರಿದ್ದ ನಾಲ್ಕು ಕಂಬದ ಚಾವಡಿಯನ್ನೊಮ್ಮೆ ನೋಡಿ ನಕ್ಕರು. ಎರಡು ತಿಂಗಳು ಹೋಯಿತು. ಹಳೆ ಮನೆ, ಬಾವಿ, ಗುಂಡಿ, ದಾರಿ, ಕಾಂಪೌಂಡು ಎಲ್ಲವೂ ನಕ್ಷೆಯಲ್ಲಿ ಅಳತೆ ಸಹಿತ ಇರಬೇಕು. ಹಳೆ ಮನೆಗೆ ಡೋರ್ ನಂಬರ್ ಇಲ್ಲದಿದ್ದರೆ, ಅಥವಾ ಲೈಸೆನ್ಸ್ ಇಲ್ಲದೆ ಮಹಡಿ ಏರಿಸಿದ್ದರೆ, ಆ ಕತೆ ಹೊರಬರುವುದೂ ಈ ಹೊತ್ತಿಗೇ.

ಪಂಚಾಯತಿನಲ್ಲಿ ಪಿಡಿಒ, ಪೇಟೆಯಲ್ಲಿ ನಗರ ಯೋಜನಾ ವಿಭಾಗ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಸಂಖ್ಯೆ ತೆಗೆದುಕೊಳ್ಳಿ. ಆಕ್ಷೇಪ ಇದ್ದರೆ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಹೇಳಿದ "ಇದೊಂದು ಬೇಕು" ಪ್ರತಿ ವಾರ ಬೇರೆಯಾಗುತ್ತದೆ.

"ಕಟ್ಟಿಬಿಡು, ಆಮೇಲೆ ಸಕ್ರಮ ಮಾಡಿಸುವ" ಎಂದು ಸಲಹೆ ಕೊಡುವ ಭಾವ ಒಬ್ಬರು ಎಲ್ಲ ಮನೆಯಲ್ಲೂ ಇರುತ್ತಾರೆ. ಪೇಟೆ ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ. ಆ ಸಲಹೆಯ ಬುಡ ಅಷ್ಟೇ ಗಟ್ಟಿ.

ಕೆಲಸ ನಡೆಯುವಾಗ

ಪಂಚಾಂಗದ (ಪಾಯದ ಮೇಲಿನ ನೆಲಗಟ್ಟಿನ) ತನಕ ಬಂದ ಮೇಲೆ ಒಮ್ಮೆ ನಕ್ಷೆ ಹಿಡಿದು ನೀವೇ ಟೇಪು ಹಾಕಿ. ಆ ಹಂತದಲ್ಲಿ ಒಂದಡಿ ತಪ್ಪಿದ್ದರೆ ಅರ್ಧ ದಿನದ ಕೆಲಸ, ಲಿಂಟಲ್ ಮಟ್ಟದಲ್ಲಿ ಗೊತ್ತಾದರೆ ಕಣ್ಣೀರು. ಪರವಾನಿಗೆಯ ಅವಧಿ ಮುಗಿಯುವ ಮೊದಲು ನವೀಕರಿಸಿ. ಕೆಂಪುಕಲ್ಲು, ಮರಳಿನ ಲೋಡು ಬಂದಾಗ ಪರ್ಮಿಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ಡೋರ್ ನಂಬರ್, ಮೀಟರ್, ತೆರಿಗೆ

ಮನೆ ಮುಗಿದ ಕೂಡಲೇ ಇಂಜಿನಿಯರ್ ಅವರಿಂದ ಪೂರ್ಣತಾ ಪತ್ರ ಪಡೆದು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪೂರ್ಣತಾ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ಕರೆಂಟು-ನೀರಿನ ಸಂಪರ್ಕ ಕೊಡಬೇಕೆಂದು ಹೇಳಿದ ಮೇಲೆ ಈ ಕಾಗದದ ಬೆಲೆ ಏರಿದೆ. ಆಮೇಲೆ ಡೋರ್ ನಂಬರ್, ಅದನ್ನು ಹಿಡಿದು ಮೆಸ್ಕಾಂಗೆ.

ಬಾಡಿಗೆ ಕೊಡುವವರು ಬೇರೆ ಮೀಟರ್ ತೆಗೆದುಕೊಳ್ಳಲೇಬೇಕು ಎಂದು ನಾನು ಹೇಳುವುದಕ್ಕೆ ಗೃಹಜ್ಯೋತಿಯೂ ಒಂದು ಕಾರಣ. ಎರಡು ಮನೆಯ ಬಳಕೆ ಒಂದೇ ಮೀಟರಿಗೆ ಬಿದ್ದರೆ 200 ಯೂನಿಟ್ ದಾಟುವುದು ಖಂಡಿತ, ಆಗ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಒಬ್ಬರ ಹೆಸರಿನಲ್ಲಿ ಎಷ್ಟು ಮೀಟರ್ ಇದ್ದರೂ ಯೋಜನೆ ಸಿಗುವುದು ಒಂದಕ್ಕೆ, ಆದರೆ ಬಾಡಿಗೆದಾರ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಬಾಡಿಗೆ ಕರಾರು ಬೇಕಾಗುತ್ತದೆ.

ಹೊಸ ಮನೆಯ ಚದರಡಿಯನ್ನು ಮುಂದಿನ ತೆರಿಗೆಯಲ್ಲಿ ನೀವೇ ಸೇರಿಸಿ ಘೋಷಿಸಿ. ಪೇಟೆಯಲ್ಲಿ ಏಪ್ರಿಲಿನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ರಶೀದಿಯಲ್ಲಿ ಎರಡೂ ಡೋರ್ ನಂಬರ್ ಬಂದಿದೆಯೇ ಎಂದು ಕೌಂಟರ್ ಬಿಡುವ ಮೊದಲು ನೋಡಿ. ನಮ್ಮ ಮೊದಲ ರಶೀದಿಯಲ್ಲಿ ಅಮ್ಮನ ಮನೆ ಇನ್ನೂ ‘ದನದ ಕೊಟ್ಟಿಗೆ’ ಎಂದೇ ಇತ್ತು. ತಿದ್ದಿಸಲು ಮತ್ತೆ ಎರಡು ಸಲ ಹೋದೆ.